ಅಕ್ಕನ ಮಾತ್ರೆ, ನನ್ನ ಕಾಫಿ

ನಮ್ಮಕ್ಕನ ಪ್ರಕಾರ ಮನುಷ್ಯರೆಂದರೆ ಗೂಡು ಕಟ್ಟಲು ಬಾರದ ರೇಷ್ಮೆಹುಳುಗಳು. ಕುದೂರಿನ ಕಡೆ ಮನೆಮನೆಯಲ್ಲೂ ಹುಳು ಸಾಕಿ, ಗೂಡು ಹೊತ್ತು ರಾಮನಗರದ ಮಾರ್ಕೆಟ್ಟಿಗೆ ಓಡುತ್ತಿದ್ದ ಕಾಲ ಅದು. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಂಕಾಗುವುದನ್ನು ನಾವು ಜ್ವರ ಅನ್ನುತ್ತೇವೆ. ಊಟ ಮಾಡಿ ತೂಕಡಿಸುತ್ತಿದ್ದ ಸೋದರಮಾವನನ್ನು ನೋಡಿ ಅಕ್ಕ, "ಜ್ವರಕ್ಕೆ ಕೂತವ್ನೆ, ಯಾರೂ ಮುಟ್ಬ್ಯಾಡಿ. ಎದ್ಮೇಲೆ ಒಸಿ ಎಳೆ ಸೊಪ್ಪು ಹಾಕಿ" ಅಂದಿದ್ದಳು. ಮಾವ ಆಮೇಲೆ ನಮ್ಮ ಮನೆಯಲ್ಲಿ ತೂಕಡಿಸಿದ್ದಿಲ್ಲ.

ಇಂಥವಳು ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಸಮೇತ ತಲೆ ತಿರುಗಿ ಬಿದ್ದಳು. ರಕ್ತ ಕಮ್ಮಿ, ತಿಂಗಳೊಳಗೆ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದರು ಡಾಕ್ಟರು. ಹುಳು ಇರುವಾಗ ಹೊರಗಿನವರು ನಮ್ಮ ಗೇಟು ದಾಟುವಂತಿಲ್ಲ, ಸೋಂಕು ತಗಲೀತೆಂದು ಅಕ್ಕನ ಕಟ್ಟಪ್ಪಣೆ. ಹಾಗಾಗಿ ಊರಿನ ನರ್ಸಮ್ಮ ಕಬ್ಬಿಣಾಂಶದ ಮಾತ್ರೆಗಳನ್ನು ಗೇಟಿನಲ್ಲೇ ನನ್ನ ಕೈಗಿಟ್ಟರು.

"ನಿಂಬೆ ನೀರಲ್ಲಿ ಕೊಡಪ್ಪ. ಕಾಫಿ ಟೀ ಜೊತೆ ಬೇಡ, ಮಾತ್ರೆ ಮೈಗೆ ಹತ್ತಲ್ಲ."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಅರ್ಥವಾಗುವ ಮಾತು. ಆದರೆ ಹಾಲೆಲ್ಲ ಡೇರಿಗೆ ಹೋಗುತ್ತಿದ್ದ ನಮ್ಮ ಮನೆಯಲ್ಲಿ ಕಾಫಿ ಬೆಳಿಗ್ಗೆ ಒಂದೇ ಸಲ. ಗೇಟಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ನನ್ನ ನಾಲಿಗೆ ಹೊರಳಿತ್ತು.

"ಅಕ್ಕ, ಸಂಜೆ ಕಾಫಿ ಜೊತೆ ನುಂಗ್ಬೇಕಂತೆ."

ಒಬ್ಬಳಿಗೇ ಅಂತ ಯಾರಾದರೂ ಕಾಫಿ ಕಾಯಿಸುತ್ತಾರೆಯೇ? ನನಗೂ ಒಂದು ಲೋಟ!

ತಿಂಗಳಲ್ಲಿ ನಾನು ಉಬ್ಬಿದೆ, ಅಕ್ಕ ಇನ್ನಷ್ಟು ಬಿಳಿಚಿಕೊಂಡಳು. "ನನ್ ಮೈ ಒದ್ದೆ ಸೊಪ್ಪು ಕಂಡ ಹುಳ ಆಗೋಗೈತೆ ಕಣ್ಲಾ, ಏನಾಕುದ್ರೂ ತಿನ್ನಾಕಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗೂಡು ಮಾರಿ ಮನೆ ಖಾಲಿಯಾದ ಮೇಲೆ ನರ್ಸಮ್ಮ ಒಳಗೇ ಬಂದರು.

"ಮಾತ್ರೆ ಯಾವುದ್ರ ಜೊತೆ ನುಂಗ್ತೀಯಮ್ಮ?"

"ಕಾಫಿ ಜೊತೆ."

"ನಿಂಬೆ ನೀರು ಅಂತ ಹೇಳಿ ಕಳಿಸಿದ್ನಲ್ಲ?"

ನಾನು ಹುಳು ಸಾಕುವ ಖಾಲಿ ತಟ್ಟೆಗಳನ್ನು ಜೋಡಿಸತೊಡಗಿದೆ. ಅಕ್ಕ ನನ್ನನ್ನೊಮ್ಮೆ ನೋಡಿದಳು.

"ಹೇಳ್ದ ಕಣವ್ವ. ಕಬ್ಬಿಣಕ್ಕೆ ಹುಳಿ ಬಿದ್ರೆ ತುಕ್ಕಿಡಿತೈತೆ ಅಂತ ನಾನೇ ಬುಟ್ಬುಟ್ಟೆ."

ಅವಳ ತಲೆ ಎಂಥದೆಂದು ಊರಿಗೇ ಗೊತ್ತು. ನರ್ಸಮ್ಮ ನಂಬಿದರು, ನಕ್ಕರು, ಇನ್ನೊಂದು ತಿಂಗಳು ಗಡುವು ಕೊಟ್ಟು ಹೋದರು.

"ಕಾಫಿ ಬೇಕಿದ್ರೆ ಬಾಯ್ಬುಟ್ಟು ಕೇಳ್ಬಾರ್ದೇನ್ಲಾ?" ಅಕ್ಕ ಅಂದದ್ದು ಇಷ್ಟೇ.

ಮಾರನೆಯ ಸಂಜೆ ಜಗಲಿಯ ಮೇಲೆ ಎರಡು ಲೋಟಗಳಿದ್ದವು. ಒಂದು ಅವಳ ನಿಂಬೆ ನೀರು. ಇನ್ನೊಂದು ನನ್ನ ಕಾಫಿ, ಬೆಳಿಗ್ಗೆ ಅವಳು ತನ್ನ ಕಾಫಿ ಬಿಟ್ಟು ಎತ್ತಿಟ್ಟಿದ್ದ ಹಾಲಿನದು. ರಕ್ತ ಏರಿ ಆಸ್ಪತ್ರೆ ತಪ್ಪಿದ ಮೇಲೂ ಆ ಎರಡನೇ ಲೋಟ ನಿಲ್ಲಲಿಲ್ಲ.