ಬರ್ತೀನಿ ಅಂದಮೇಲೆ

ಪಾಠ ಹೇಳುವ ಚಟ ಇರುವವರಿಗೆ ಶಿಷ್ಯರು ಹೇಗೋ ಸಿಕ್ಕೇ ಸಿಗುತ್ತಾರೆ. ನನಗೆ ಆ ಚಟ ಮೊದಲಿನಿಂದಲೂ ಇದೆ. ಮಕ್ಕಳು ದೊಡ್ಡವರಾಗಿ ಕೈಗೆ ಸಿಗದಂತಾದ ಮೇಲೆ ನಮ್ಮ ಯಜಮಾನರ ಮೇಲೆ ಪ್ರಯೋಗಿಸಿ ನೋಡಿದೆ. ಅವರು ಪೇಪರ್ ಅಡ್ಡ ಹಿಡಿದು ಪಾರಾದರು. ಹೀಗಿರುವಾಗ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಮಹಡಿಗೆ ಪೋಲೆಂಡಿನಿಂದ ಪಾವೆಲ್, ಮಾರ್ತಾ ಎಂಬ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವನಿಗೆ ಇಲ್ಲೊಂದು ಕಂಪನಿಯಲ್ಲಿ ಕೆಲಸ, ಅವಳಿಗೆ ಕನ್ನಡ ಕಲಿಯುವ ಹುಚ್ಚು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ನಮ್ಮ ಬೀದಿಯ ಮೂಲೆಯಲ್ಲಿ ಚಿಕ್ಕಣ್ಣ ಮತ್ತು ನಿಂಗಮ್ಮನ ತರಕಾರಿ ಅಂಗಡಿ. ಬಡಾವಣೆ ಆಗುವ ಮೊದಲು ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಅಂಗಡಿಯ ಹಿಂದೆಯೇ ಮನೆ. ತೂಗುವುದು ಚಿಕ್ಕಣ್ಣನ ಕೆಲಸ, ಮಾತಾಡುವುದು ನಿಂಗಮ್ಮನ ಕೆಲಸ. ಮೊದಲ ದಿನ ಮಾರ್ತಾಳನ್ನು ಅಲ್ಲಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅವಳ ಹೆಸರು ಕೇಳಿ ನಿಂಗಮ್ಮ, "ನಮ್ ಮಾರಮ್ಮನ ಒಕ್ಕಲೇನವ್ವ?" ಅಂದರು. ಮಾರ್ತಾ ಟೊಮೇಟೊ ಕೊಂಡು, ಎರಡೂ ಕೈ ಜೋಡಿಸಿ, ಮನೆಯಲ್ಲಿ ಕಲಿತುಕೊಂಡು ಬಂದಿದ್ದ ವಾಕ್ಯವನ್ನು ಸ್ಪಷ್ಟವಾಗಿ ಒಪ್ಪಿಸಿದಳು. "ನಾನು ಹೋಗುತ್ತೇನೆ."

"ಅಯ್ಯೋ ಶಿವ್ನೆ, ಬಿಡ್ತು ಅನ್ನು!" ಅಂದರು ನಿಂಗಮ್ಮ.

ದಾರಿಯಲ್ಲೇ ನನ್ನ ಪಾಠ ಶುರುವಾಯಿತು. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನಬಾರದು, ಸತ್ತವರಿಗೆ ಮಾತ್ರ ಹೋದರು ಅನ್ನುತ್ತೇವೆ, ಹೊರಡುವಾಗ ಬರ್ತೀನಿ ಅನ್ನಬೇಕು ಅಂತ ವಿವರಿಸಿದೆ.

"ಹೋಗುವಾಗ ಬರ್ತೀನಿ. ಬರುವಾಗ?" ಅಂದಳು.

"ಬರುವಾಗ ಏನೂ ಹೇಳೋದು ಬೇಡ, ಬಂದ್ರೆ ಸಾಕು."

ಪಾಠ ತಲೆಗೆ ಹೋಯಿತು ಅಂದುಕೊಂಡೆ. ಆದರೆ ಆ ವಾರವೇ ಅವರ ಬಚ್ಚಲಿನ ನಲ್ಲಿ ರಿಪೇರಿ ಮಾಡಿದ ಪ್ಲಂಬರ್, "ಆಯ್ತು ಮೇಡಂ, ಬರ್ತೀನಿ" ಅಂತ ಹೇಳಿ ಹೋದ. ಇವರಿಬ್ಬರೂ ಜಯನಗರಕ್ಕೆ ಹೊರಟಿದ್ದವರು ನಿಂತುಬಿಟ್ಟರು. ಸಂಜೆ ನಾನು ಮೇಲೆ ಹೋಗಿ ನೋಡಿದರೆ, ಟೀಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಬಾಗಿಲು ತೆರೆದಿಟ್ಟುಕೊಂಡು ಪ್ಲಂಬರಿಗಾಗಿ ಕಾಯುತ್ತಿದ್ದಾರೆ! ಅದು ಬಾಯಿಮಾತಮ್ಮ, ಯಾರೂ ನಿಜವಾಗಿ ಬರುವುದಿಲ್ಲ ಅಂತ ತಿಳಿಸಿದೆ. ಅವಳ ಮುಖ ಗಂಭೀರವಾಯಿತು. "ಆದರೆ ಹೇಳಿದ್ದಾನಲ್ಲ ಆಂಟಿ?" ಅಂದಳು. ಈ ತಿಂಗಳ ನೀರಿನ ದುಡ್ಡು ಕೊಟ್ಟಿದ್ದೀರಾ ಅಂತ ಏನೋ ಕೇಳಿ ಮಾತು ಮರೆಸಿದೆ.

ಇದರ ಪರಿಣಾಮ ಅವರ ಅಡುಗೆಮನೆಯಲ್ಲಿ ಕಾಣಿಸಿಕೊಂಡಿತು. ನಿಂಗಮ್ಮನಿಗೆ ಬರ್ತೀನಿ ಅಂದಿದ್ದಾಳೆ, ಆದ್ದರಿಂದ ಮರುದಿನ ಹೋಗಲೇಬೇಕು. ಹೋದರೆ ಹೊರಡುವಾಗ ಮತ್ತೆ ಬರ್ತೀನಿ ಅನ್ನಬೇಕು. ದಿನಾ ಕೊಳ್ಳುವುದಕ್ಕೆ ಏನಿರುತ್ತದೆ? ಒಂದು ನಿಂಬೆಹಣ್ಣು ತರುವಳು. ಒಂದು ನಿಂಬೆಹಣ್ಣಿಗೂ ಚಿಕ್ಕಣ್ಣ ತಪ್ಪದೆ ಒಂದು ಕಡ್ಡಿ ಕರಿಬೇವನ್ನು ಕೊಸರು ಹಾಕಿ ಕೊಡುತ್ತಿದ್ದರು. ಬುಟ್ಟಿಯಲ್ಲಿ ನಿಂಬೆಹಣ್ಣು, ಫ್ರಿಜ್ಜಿನ ಮೇಲೆ ನಿಂಬೆಹಣ್ಣು, ಪಾವೆಲ್‌ನ ಕಂಪ್ಯೂಟರ್ ಪಕ್ಕದಲ್ಲಿ ನಿಂಬೆಹಣ್ಣು. ಅಷ್ಟೊಂದು ಯಾಕಮ್ಮ ಅಂದರೆ, "ಬರ್ತೀನಿ ಅಂತ ಹೇಳಿದ್ದೀನಲ್ಲ ಆಂಟಿ" ಅನ್ನುವಳು. ನನ್ನ ಕಥೆ ಬೇರೆ. ವಾಕಿಂಗ್ ಹೋಗುವಾಗ ಅಂಗಡಿಯ ಮುಂದೆ "ಆಮೇಲೆ ಬರ್ತೀನಿ ನಿಂಗಮ್ಮ" ಅಂತ ಬಾಯಿ ತುಂಬ ಹೇಳಿ, ಮನೆಗೆ ಬಂದು ಫೋನಿನಲ್ಲಿ ತರಕಾರಿ ತರಿಸುವವಳು ನಾನು. ಚಪ್ಪಲಿ ಬಿಡುವಷ್ಟರಲ್ಲಿ ಬೆಂಡೆಕಾಯಿ ಬಾಗಿಲಿಗೆ ಬಂದಿರುತ್ತಿತ್ತು.

ಒಂದು ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ನಿಂಗಮ್ಮ ಮುಂದೆ ಕಸ ಗುಡಿಸುತ್ತಿದ್ದಾಗ ಚಿಕ್ಕಣ್ಣ ಒಳಗೆ ಬಚ್ಚಲ ಬಾಗಿಲಲ್ಲಿ ಕುಸಿದವರು ಮತ್ತೆ ಏಳಲೇ ಇಲ್ಲ. ಮಧ್ಯಾಹ್ನ ಮಣ್ಣಿಗೆ ನಮ್ಮ ಯಜಮಾನರೂ ಪಾವೆಲ್ಲೂ ಹೋಗಿ ಬಂದರು. ಸಂಜೆ ನಿಂಗಮ್ಮನನ್ನು ಮಾತಾಡಿಸಿಕೊಂಡು ಬರಲು ನಾನು ಹೊರಟಾಗ ಮಾರ್ತಾಳೂ ಜೊತೆಗೆ ಬಂದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಆಂಟಿ, ನಾನು ಏನಾದ್ರೂ ತಪ್ಪು ಮಾಡಿದ್ರೆ?" ಅಂದಳು. ಅಂಥ ಹೊತ್ತಿನಲ್ಲೂ ನನ್ನ ಚಟ ಬಿಡಲಿಲ್ಲ. ಅಲ್ಲಿ ನಮಸ್ಕಾರ ಮಾಡಬೇಡ, ಹೇಗಿದ್ದೀರಾ ಅಂತ ಕೇಳಬೇಡ, ಏನೂ ಕುಡಿಯಬೇಡ, ಮನೆಗೆ ಬಂದವಳೇ ನೆಟ್ಟಗೆ ಸ್ನಾನಕ್ಕೆ ಹೋಗು ಅಂತ ದಾರಿಯುದ್ದಕ್ಕೂ ಹೇಳಿದೆ. ಇಷ್ಟೆಲ್ಲ ಹೇಳಿದವಳು ಒಂದನ್ನು ಮಾತ್ರ ಮರೆತೆ. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಅಂಥ ಕಾರಣಕ್ಕೆ ಮತ್ತೆ ಆ ಮನೆಗೆ ಬರುವಂತಾಗಬಾರದು ನೋಡಿ, ಅದಕ್ಕೆ ಸುಮ್ಮನೆ ಎದ್ದು ಬಂದುಬಿಡಬೇಕು.

ನಡುಮನೆ ತುಂಬ ಹೆಂಗಸರು. ನಿಂಗಮ್ಮ ಗೋಡೆಗೆ ಒರಗಿ ಕೂತಿದ್ದರು. ಅಷ್ಟು ಮಾತಾಡುವ ಹೆಂಗಸು ಒಂದು ಮಾತೂ ಆಡುತ್ತಿರಲಿಲ್ಲ. ಬಂದವರು ಸ್ವಲ್ಪ ಹೊತ್ತು ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋಗುತ್ತಿದ್ದರು. ಮಾರ್ತಾ ನಿಂಗಮ್ಮನ ಪಕ್ಕ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು. ಆಮೇಲೆ ನಾನು ಕಣ್ಸನ್ನೆ ಮಾಡಿ ಎದ್ದೆ. ಹೊಸಿಲು ದಾಟಿ ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಹಿಂದೆ ಅವಳ ಸ್ವರ ಕೇಳಿಸಿತು. ಕಲಿಸಿದ ಪಾಠವನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು.

"ನಿಂಗಮ್ಮ, ಬರ್ತೀನಿ."

"ಶಿವಶಿವಾ! ಸಾವಿನ ಮನೇಲಿ ಯಾರಾದ್ರೂ ಹಂಗಂತಾರಾ? ಯಾರ್ ಕಲಿಸಿದ್ದು ಇವ್ಳಿಗೆ?" ಅಂತ ನೆಂಟರಮ್ಮ ಒಬ್ಬರು ದನಿ ಎತ್ತಿದರು. ಯಾರು ಕಲಿಸಿದ್ದು ಅಂತ ಬೀದಿಗೆಲ್ಲ ಗೊತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾರ್ತಾಳ ಮುಖ ಬಿಳಿಚಿಕೊಂಡಿತು. ಇನ್ನು ಈ ಮನೆಯ ಮೆಟ್ಟಿಲು ಅವಳಿಗೆ ಎರವಾಯಿತು ಅಂದುಕೊಂಡೆ.

ಆಗ ನಿಂಗಮ್ಮ ತಲೆ ಎತ್ತಿದರು. "ಸುಮ್ಕಿರ್ರೆ" ಅಂದರು. "ಬೆಳಿಗ್ಗಿಂದ ಬಂದೋರೆಲ್ಲ ಹೇಳ್ದೆ ಕೇಳ್ದೆ ಎದ್ದೋದ್ರು. ಆ ಮನ್ಸನೂ ಹಂಗೇ ಹೋದ. ಇವಳೊಬ್ಳು ಬರ್ತೀನಿ ಅಂದ್ಳು. ಬಾರವ್ವ, ಬಾ."

ದಾರಿಯಲ್ಲಿ ಮಾರ್ತಾ, "ತಪ್ಪು ಹೇಳಿದ್ನಾ ಆಂಟಿ?" ಅಂದಾಗ, ತಪ್ಪು ನಿನ್ನದಲ್ಲ ಅಂದೆ. ವಿವರಿಸುವುದಕ್ಕೆ ಬೇಕಾದಷ್ಟಿತ್ತು, ಆದರೆ ಅವಳ ಕೈ ಹಿಡಿದುಕೊಂಡು ಮನೆಯ ಕಡೆ ನಡೆದೆ.

ಮರುದಿನ ಸಂಜೆ ಅವಳು ಹೋದಳು. ಅದರ ಮರುದಿನವೂ ಹೋದಳು. ಅಂಗಡಿ ಮುಚ್ಚಿತ್ತು, ನಿಂಬೆಹಣ್ಣಿನ ನೆಪವೂ ಇರಲಿಲ್ಲ. ಮೆಟ್ಟಿಲ ಮೇಲೆ ಇಬ್ಬರೂ ಕೂತಿರುವುದು ನಮ್ಮ ಬಾಲ್ಕನಿಗೆ ಕಾಣುತ್ತಿತ್ತು. ಶಾಸ್ತ್ರ ಪ್ರಕಾರ ಏನೂ ಹೇಳದೆ ಬಂದಿದ್ದ ನಾನು, ಶಾಸ್ತ್ರ ಪ್ರಕಾರವೇ ಮನೆಯಲ್ಲಿದ್ದೆ.

ತಿಥಿಯೆಲ್ಲ ಮುಗಿದ ಮೇಲೆ ಅಂಗಡಿ ತೆಗೆಯಿತು. ಈಗ ತೂಗುವುದೂ ನಿಂಗಮ್ಮನೇ. ಬದನೆಕಾಯಿ ಕೊಂಡು, ಅಭ್ಯಾಸಬಲದಿಂದ "ಬರ್ತೀನಿ ನಿಂಗಮ್ಮ" ಅಂದೆ. ಅವರು ನನ್ನ ಚೀಲಕ್ಕೆ ಒಂದು ಕಡ್ಡಿ ಕರಿಬೇವು ಹಾಕುತ್ತಾ, ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನೀವು ಬರ್ತೀನಿ ಅಂತೀರ ಕಣ್ರವ್ವ. ಅವ್ಳು ಬರ್ತಾಳೆ."

ಮೊನ್ನೆ ನಮ್ಮ ಯಜಮಾನರು ಫ್ರಿಜ್ ತೆಗೆದು, ಪೇಪರ್ ಪಕ್ಕಕ್ಕಿಟ್ಟು ಕೇಳಿದರು. "ಏನೇ ಇದು, ಇಷ್ಟೊಂದು ನಿಂಬೆಹಣ್ಣು? ಉಪ್ಪಿನಕಾಯಿ ಹಾಕ್ತೀಯಾ?"

"ಇಲ್ಲ ಕಣ್ರೀ" ಅಂದೆ. "ಬರ್ತೀನಿ ಅಂತ ಹೇಳಿದ್ದೀನಲ್ಲ."