ವರ್ಗ ಮರೆತವರ ಮೇಲೆ ಕಾಕಾನ ದಂಡಯಾತ್ರೆ

ನಮ್ಮ ಕಾಕಾಗೆ ಯಾರ ಮೇಲೂ ದ್ವೇಷವಿಲ್ಲ, ವರ್ಗ ಮಾಡಲು ಮರೆಯುವವರನ್ನು ಬಿಟ್ಟು! ವರ್ಗ ಎಂದರೆ ಶಾಲೆಯ ಕ್ಲಾಸಲ್ಲ, ಸರಕಾರಿ ನೌಕರರ ಟ್ರಾನ್ಸ್‌ಫರೂ ಅಲ್ಲ. ಸಂಖ್ಯೆಯನ್ನು ಅದರಿಂದಲೇ ಗುಣಿಸುವ ಗಣಿತದ ವರ್ಗ. ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಈ ಚಿಕ್ಕಪ್ಪ ಈಗ ಪುಣೆಯ ಕೋಥರೂಡಿನಲ್ಲಿ ನಮ್ಮ ಜೊತೆಗಿದ್ದಾರೆ. ನಿವೃತ್ತರಾದದ್ದು ಕಾಲೇಜಿಗೆ ಗೊತ್ತು. ಅವರಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ.

ಪಕ್ಕದ ಮನೆಯಾಕೆಯ ಹುಟ್ಟುಹಬ್ಬದಲ್ಲಿ ಯಾರೋ ಸೋಡಾ ಬಾಟಲಿ ತೆಗೆದರು. ಬುಸ್ಸೆಂದಿತು. "ನೋಡ್ರಿ, ಸಮತೋಲನ ಕೆಟ್ಟಿತು!" ಎಂದು ಕಾಕಾ ಎದ್ದು ನಿಂತರು. ಮತ್ತೆ ಕೂರುವಷ್ಟರಲ್ಲಿ ಮೇಣದಬತ್ತಿ ಕರಗಿ ಕೇಕಿನೊಳಗೆ ಸೇರಿತ್ತು. ಈಗ ಆಕೆ ನನ್ನನ್ನು ಕರೆಯುವುದು ಫೋನಿನಲ್ಲಿ, ಅದೂ ಪಿಸುಮಾತಿನಲ್ಲಿ!

ಮೊನ್ನೆ ಕಾಕಾನ ಕೈಗೆ ನನ್ನ ಮಗಳ ಕೋಚಿಂಗ್ ಕ್ಲಾಸಿನವರು ಪರೀಕ್ಷೆಯಾದ ಮೇಲೆ ಹಂಚಿದ ಉತ್ತರಗಳ ಹಾಳೆ ಸಿಕ್ಕಿತು. ಒಂದು ಲೀಟರಿನ ಮುಚ್ಚಿದ ಪಾತ್ರೆಯಲ್ಲಿ ಬಣ್ಣವಿಲ್ಲದ ಅನಿಲ. ಅದರ ಒಂದು ಕಣ ಒಡೆದರೆ ಎರಡು ಕಂದು ಕಣ. ಆ ಎರಡು ಕೂಡಿದರೆ ಮತ್ತೆ ಮೊದಲಿನದು. ಒಡೆಯುವ ವೇಗ, ಕೂಡುವ ವೇಗ ಸಮವಾದಾಗ ಬಣ್ಣವಿಲ್ಲದ್ದು 0.8 ಮೋಲ್, ಕಂದು 0.4 ಮೋಲ್. ಸಮತೋಲನ ಸ್ಥಿರಾಂಕ ಎಷ್ಟು? ಹಾಳೆಯಲ್ಲಿ 0.4ನ್ನು 0.8ರಿಂದ ಭಾಗಿಸಿ 0.5 ಎಂದು ಅಚ್ಚು ಹಾಕಿದ್ದರು.

"ವರ್ಗ ಎಲ್ಲಿ ಹೋತು? ನಡೀವಾ, ಕೊಂಢವಾಕ್ಕ ಹೋಗೂಣು!"

"ಫೋನ್ ಮಾಡಿದ್ರ ಸಾಕಲ್ರೀ ಕಾಕಾ?"

"ಫೋನಿನ್ಯಾಗ ಬೋರ್ಡ್ ಇರ್ತದೇನ?"

ಕೋಚಿಂಗ್ ಕ್ಲಾಸಿರುವ ಕೊಂಢವಾಕ್ಕೆ ಎರಡು ಬಸ್ಸು ಬದಲಿಸಿ ಹೋದೆವು. ಕೌಂಟರಿನ ಹುಡುಗಿ, "ಆಜೋಬಾ, ಅಡ್ಮಿಶನ್ ಕುಣಾಚಂ?" ಎಂದಳು, ಅಜ್ಜಾ, ಯಾರನ್ನು ಸೇರಿಸಬೇಕು ಎಂದು. "ಮಾಝಂಚ್!" ಎಂದರು ಕಾಕಾ, ಸೇರುವವರು ತಾವೇ ಎಂದು! ಅವಳು ಬಿಳಿಗೂದಲನ್ನೂ ನೋಡದೆ ಡೆಮೊ ಕ್ಲಾಸಿಗೆ ಕಳಿಸಿಬಿಟ್ಟಳು. ಅದು ಸಂಜೆಯ ಬ್ಯಾಚು, ಮಗಳದು ಬೆಳಗಿನದು. ಬದುಕಿದೆ ಅಂದುಕೊಂಡೆ.

ಕಾಕಾ ಹಿಂದಿನ ಬೆಂಚಿನಿಂದ ಕೈ ಎತ್ತಿದರು. ಹಾಳೆಯ ತಪ್ಪನ್ನು ಮರಾಠಿಯಲ್ಲಿ ಹೇಳಿದರು. ಮೇಷ್ಟ್ರು ನಕ್ಕು, "ಅಂಕಲ್, ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಇರುತ್ತವೆ. ಒಂದನ್ನು ಗುರುತು ಮಾಡಿ ಮುಂದೆ ಓಡಬೇಕು" ಎಂದರು.

"ಅನಿಲಕ್ಕೆ ಆ ನಾಲ್ಕು ಆಯ್ಕೆ ಗೊತ್ತಿಲ್ಲವಲ್ಲ!"

ಹೋಗಿ ಬೋರ್ಡಿನ ಮೇಲೆ ಬರೆದೇ ಬಿಟ್ಟರು. ಒಂದು ಒಡೆದು ಎರಡಾಗುವುದರಿಂದ 0.4ರ ವರ್ಗ, 0.16. ಅದನ್ನು 0.8ರಿಂದ ಭಾಗಿಸಿದರೆ 0.2. ನಾನು ಬ್ಯಾಗಿನೊಳಗೆ ಏನನ್ನೋ ಹುಡುಕುತ್ತಿದ್ದೆ. ಬಹುಶಃ ಮುಖ ಇಡಲು ಜಾಗ. ಮೇಷ್ಟ್ರು ಹಾಳೆಯನ್ನೂ ಬೋರ್ಡನ್ನೂ ನೋಡಿ, "ಮುದ್ರಣದೋಷ" ಎಂದರು. ಪಾಪ, ಮುದ್ರಣಾಲಯದವನಿಗೆ ರಸಾಯನಶಾಸ್ತ್ರ ಬಾರದೇ ಹೋಯಿತು!

"ಬೆಳಗಿನ ಬ್ಯಾಚಿಗೂ ಹೇಳುತ್ತೀರಲ್ಲ?" ಎಂದು ಕಾಕಾ ಕೇಳಿದರು. ಮೇಷ್ಟ್ರು ತಲೆಯಾಡಿಸುವವರೆಗೂ ಚಾಕ್‌ಪೀಸ್ ಕೆಳಗಿಡಲಿಲ್ಲ.

ಬಸ್ಸಿನಲ್ಲಿ ನಾನು ರೇಗಿದೆ: "ಒಂದು ಲೆಕ್ಕಕ್ಕ ಇಷ್ಟು ರಂಪ ಬೇಕಿತ್ತೇನ್ರಿ?"

ಮನೆಯಲ್ಲಿ ಮಗಳು ಬಾಗಿಲು ತೆರೆದಳು. ಚಪ್ಪಲಿ ಕಳಚುವ ಮೊದಲೇ ಕಾಕಾ, "ನಿಂದ ಖರೇ ಇತ್ತವಾ. ನಾಳೆ ನಿಮ್ಮ ಸರ್ ಎಲ್ಲಾರ ಮುಂದ ಹೇಳ್ತಾರ" ಎಂದರು.

ಏನದು ಎಂದು ನಾನು ಕೇಳಿದೆ, ಅವಳು ಎಲ್ಲ ಹೇಳಿದಳು. ಆಗಲೇ ನನಗೆ ಗೊತ್ತಾದದ್ದು: ಪರೀಕ್ಷೆಯಲ್ಲಿ ಅವಳು ಬರೆದದ್ದು 0.2. ಆ ಮೇಷ್ಟ್ರು ಅವಳ ಹಾಳೆಯನ್ನು ಎತ್ತಿ ತೋರಿಸಿ ಇಡೀ ಕ್ಲಾಸನ್ನು ನಗಿಸಿದ್ದರು. ತಾನು ದಡ್ಡಿ, ವಿಜ್ಞಾನ ಬಿಡುತ್ತೇನೆ ಎಂದು ಅವಳು ಅತ್ತದ್ದು ಕಾಕಾನ ಮುಂದೆ ಮಾತ್ರ. ನಾನು? ಎಷ್ಟು ಮಾರ್ಕ್ಸ್ ಬಂತು ಎಂದಷ್ಟೇ ಕೇಳಿದ್ದೆ.

ಮಗಳು ಅಜ್ಜನ ಹೆಗಲಿಗೆ ಹಣೆ ಒತ್ತಿದಳು. ಕಾಕಾ ಏನೂ ವಿವರಿಸಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು.