ಸಾಧಾರಣಪ್ಪನ ಸಾಕ್ಷಿ

ಒಂದೇ ಫಾರಂನಲ್ಲಿ, ಒಂದೇ ಪ್ರಶ್ನೆಗೆ, ಹದಿನೆಂಟು ವರ್ಷ ನಿಜ ಬರೆದದ್ದೇ ಇಷ್ಟಕ್ಕೆಲ್ಲ ಕಾರಣ.

ವರ್ಷದ ಕೊನೆಗೆ ಕಂಪನಿ ಎಲ್ಲರಿಗೂ ಒಂದು ಫಾರಂ ಹಂಚುತ್ತಿತ್ತು. ಅದರ ಏಳನೆಯ ಪ್ರಶ್ನೆ: ‘ಈ ವರ್ಷ ನಿಮಗೆ ಹೊಳೆದ ಹೊಸ ಆಲೋಚನೆ ಯಾವುದು?’ ಉಳಿದವರು ಏನಾದರೊಂದು ಗೀಚುತ್ತಿದ್ದರು. ಪಕ್ಕದ ಮೇಜಿನ ದಪ್ಪ ಕನ್ನಡಕದವನು ಸತತ ಆರು ವರ್ಷ ‘ಕುರ್ಚಿಗಳಿಗೆ ಚಕ್ರ’ ಎಂದು ಬರೆದಿದ್ದ. ಕುರ್ಚಿಗಳಿಗೆ ಮೊದಲಿನಿಂದಲೂ ಚಕ್ರವಿತ್ತು. ನಮ್ಮ ಇಂಜಿನಿಯರ್ ಮಾತ್ರ ಪ್ರತಿ ಸಲವೂ ಗುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕುತ್ತಿದ್ದ.

ಒಂದು ದಿನ ಬೆಳಿಗ್ಗೆ ಅವನಿಗೆ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಒಳಗೆ ಕಂಪನಿಯ ಲಾಯರಮ್ಮ ಹದಿನೆಂಟು ಫಾರಂಗಳನ್ನೂ ಇಸ್ಪೀಟು ಎಲೆಗಳ ಹಾಗೆ ಬಿಡಿಸಿ ಹಿಡಿದುಕೊಂಡು ಕೂತಿದ್ದರು. ಕೆಲಸ ಹೋಯಿತು ಅಂದುಕೊಂಡ.

“ಇವೆಲ್ಲಾ ನೀವೇ ಬರೆದಿದ್ದಾ?”

“ಹೌದು ಮೇಡಂ. ತಪ್ಪಾಯ್ತು. ಈ ವರ್ಷ ಖಂಡಿತ ಏನಾದ್ರೂ ಒಂದು ಯೋಚನೆ ಮಾಡಿ...”

“ಅಯ್ಯೋ ಬೇಡ! ದಯವಿಟ್ಟು ಏನೂ ಯೋಚನೆ ಮಾಡ್ಬೇಡಿ!” ಲಾಯರಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

ಮ್ಯಾನೇಜರು ಬಿಡಿಸಿ ಹೇಳಿದರು. ಮನೆಮನೆಯ ನೀರಿನ ಮೀಟರುಗಳಲ್ಲಿ ಈಗ ಒಂದೊಂದು ಸಿಮ್ ಇರುತ್ತದೆ. ಲೆಕ್ಕ ಒಪ್ಪಿಸುವ ಹೊತ್ತು ಬಿಟ್ಟರೆ ಅವು ಸದಾ ನಿದ್ದೆಯಲ್ಲಿರುತ್ತವೆ. ಟವರ್ ಅವುಗಳನ್ನು ಕೂಗಿ ಎಬ್ಬಿಸಬೇಕು. ಅದಕ್ಕೇ ಪೇಜಿಂಗ್ ಅನ್ನುವುದು. ಒಂದೊಂದನ್ನೇ ಕೂಗುತ್ತಾ ಹೋದರೆ ಟವರಿನ ಗಂಟಲು ಒಣಗುತ್ತದೆ. ಸಾವಿರ ಮೀಟರನ್ನು ಒಂದು ಗುಂಪು ಮಾಡಿ ಒಂದೇ ಸಲ ಕೂಗಿದರೆ, ಸಾವಿರವೂ ಒಟ್ಟಿಗೆ ‘ಹ್ಞಾಂ’ ಅನ್ನುತ್ತವೆ, ಒಂದರ ಮಾತೂ ಕೇಳಿಸುವುದಿಲ್ಲ. “ಇದಕ್ಕೆ ನಮ್ಮ ಕಂಪನಿ ಏನು ಉಪಾಯ ಕಂಡುಹಿಡೀತು ಗೊತ್ತಾ? ಪ್ರತಿ ಮೀಟರೂ...”

“ಸಾರ್!” ಲಾಯರಮ್ಮ ಮೇಜು ಬಡಿದರು. “ಉಪಾಯ ಹೇಳ್ಬೇಡಿ! ತಿಳಿದುಬಿಟ್ರೆ ಇವರು ಕೆಟ್ಟು ಹೋಗ್ತಾರೆ!”

ವಿಷಯ ಇಷ್ಟು. ಕಂಪನಿ ಆ ಉಪಾಯಕ್ಕೆ ಪೇಟೆಂಟ್ ಕೇಳಿತ್ತು. ಎದುರಾಳಿ ಕಂಪನಿ, ‘ಇದೇನು ಮಹಾ, ಈ ಕಸುಬಿನ ಯಾವ ಸಾಧಾರಣ ಮನುಷ್ಯನಿಗೂ ಹೊಳೆಯುತ್ತದೆ’ ಎಂದು ತಕರಾರು ಹಾಕಿತ್ತು. ಸಾಧಾರಣ ಮನುಷ್ಯನಿಗೆ ಹೊಳೆಯುವುದಕ್ಕೆ ಕಾನೂನಿನಲ್ಲಿ ಪೇಟೆಂಟ್ ಇಲ್ಲ. ಮಧ್ಯಾಹ್ನ ಮೂರಕ್ಕೆ ವಿಚಾರಣೆ.

“ಹದಿನೈದು ವರ್ಷದಿಂದ ವಕೀಲಿಕೆ ಮಾಡ್ತಿದ್ದೀನಿ,” ಲಾಯರಮ್ಮನ ಕಣ್ಣಲ್ಲಿ ನೀರಾಡಿತು. “ಆ ಸಾಧಾರಣ ಮನುಷ್ಯ ಕಾನೂನು ಪುಸ್ತಕದಲ್ಲಿ ಮಾತ್ರ ಇರ್ತಾನೆ ಅಂದ್ಕೊಂಡಿದ್ದೆ. ಇವತ್ತು ಕಣ್ಣಾರೆ ನೋಡಿದೆ. ಕೆಲಸ ಎಲ್ಲಾ ಗೊತ್ತು, ಹೊಸದು ಒಂದೂ ಹೊಳೆಯಲ್ಲ! ನೀವು ಅಲ್ಲಿ ಬಂದು, ‘ನನಗೆ ಏನೂ ಹೊಳೀಲಿಲ್ಲ’ ಅಂತ ಹೇಳಿ ಸಹಿ ಹಾಕಿದ್ರೆ ಸಾಕು.”

ಅವನ ಮುಖ ಸಪ್ಪಗಾದದ್ದನ್ನು ನೋಡಿ ಮ್ಯಾನೇಜರು ಡ್ರಾಯರಿನಿಂದ ಒಂದು ಪತ್ರ ತೆಗೆದು ತೋರಿಸಿದರು. ‘ಹಿರಿಯ ಇಂಜಿನಿಯರ್’ ಎಂದು ಟೈಪಾಗಿತ್ತು. ಅವನ ಹೆಸರೂ ಇತ್ತು. ಸಹಿ ಮಾತ್ರ ಇರಲಿಲ್ಲ.

“ಪೇಟೆಂಟ್ ಸಿಗಲಿ, ಸಹಿ ಹಾಕ್ತೀನಿ.”

ಒಂಬತ್ತು ವರ್ಷದಿಂದ ಅವನು ಆ ಎರಡು ಪದಗಳಿಗೆ ಕಾದಿದ್ದ. ಅವನ ಕೈಕೆಳಗೆ ಕೆಲಸ ಕಲಿತವರು ಅವನ ತಲೆಯ ಮೇಲಿನ ಮಹಡಿಗೆ ಹೋಗಿ ಕೂತಿದ್ದರು. ಹೆಂಡತಿಯ ತಮ್ಮ ಸಿಕ್ಕಾಗಲೆಲ್ಲ, “ಇನ್ನೂ ಅಲ್ಲೇ ಇದ್ದೀರಾ ಭಾವ?” ಎಂದು ಬಸ್‌ಸ್ಟಾಪಿನಲ್ಲಿ ನಿಂತವನನ್ನು ಕೇಳುವ ಹಾಗೆ ಕೇಳುತ್ತಿದ್ದ. ಅವನು ಒಪ್ಪಿಕೊಂಡ.

ಮೂರು ಗಂಟೆಯವರೆಗೆ ಇವನಿಗೆ ಏನೂ ಹೊಳೆಯದಂತೆ ಕಾಯುವುದು ಇಡೀ ಆಫೀಸಿನ ಜವಾಬ್ದಾರಿಯಾಯಿತು. ‘ಸಾಧಾರಣಪ್ಪ’ ಎಂಬ ಹೆಸರು ಹತ್ತು ನಿಮಿಷದಲ್ಲಿ ಮೂರು ಮಹಡಿ ಹತ್ತಿಳಿಯಿತು. ಓದಲು ಕೊಟ್ಟ ಪೇಪರಿನಿಂದ ಪದಬಂಧವನ್ನು ಕತ್ತರಿಸಿದ್ದರು. ಕಾಫಿ ಕೇಳಿದರೆ, “ತಲೆ ಚುರುಕಾಗುತ್ತೆ, ಬೇಡ” ಎಂದು ಬಿಸಿ ಹಾಲು ತಂದಿಟ್ಟರು. ಸ್ಟೋರಿನ ಹೆಂಗಸು ಎದುರಿಗೇ ಕೂತು ತಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿದ ಕತೆಯನ್ನು ಒಂದೊಂದೇ ಟೈಲಿನಂತೆ ಒಂದೂವರೆ ಗಂಟೆ ಜೋಡಿಸಿದರು.

ದಪ್ಪ ಕನ್ನಡಕದವನಿಗೆ ಮಾತ್ರ ಹೊಟ್ಟೆ ಉರಿಯಿತು. ಅವನು ನೇರ ಲಾಯರಮ್ಮನ ಹತ್ತಿರ ಹೋದ. “ಮೇಡಂ, ಅವನೇನು ನನಗಿಂತ ಸಾಧಾರಣನಾ? ನಾನು ಡಿಗ್ರಿಯಲ್ಲಿ ಮೂರು ಸಲ ಫೇಲ್ ಆಗಿದ್ದೀನಿ.”

ಲಾಯರಮ್ಮ ಅವನನ್ನು ಮೇಲಿಂದ ಕೆಳಕ್ಕೆ ಅಳೆದರು. “ನೀವು ಸಾಧಾರಣಕ್ಕಿಂತ ಕೆಳಗಿದ್ದೀರಿ. ಕಾನೂನು ಅಷ್ಟು ಕೆಳಕ್ಕೆ ಇಳಿಯಲ್ಲ.”

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. “ರೀ, ನಿಮ್ಮನ್ನ ಯಾವುದೋ ತಜ್ಞರ ಸಾಕ್ಷಿಗೆ ಕರ್ಕೊಂಡು ಹೋಗ್ತಿದ್ದಾರಂತೆ? ನೀವು ಯಾವುದರಲ್ಲಿ ತಜ್ಞರು ಅಂತ?”

“ಸಾಧಾರಣವಾಗಿರೋದ್ರಲ್ಲಿ.”

“ಅದಕ್ಕೆ ಸಾಕ್ಷಿ ಹೇಳೋಕೆ ನನ್ನ ಕರೀಬೇಕಾಗಿತ್ತು,” ಎಂದು ಫೋನ್ ಇಟ್ಟಳು.

ಪೇಟೆಂಟ್ ಕಚೇರಿಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚುಗಳಿದ್ದವು. ಸಾಧಾರಣಪ್ಪ ಒಂದು ತುದಿಯಲ್ಲಿ ಕೂತು ಗೋಡೆ ನೋಡತೊಡಗಿದ. ಗುಮಾಸ್ತ ಬಾಗಿಲಿಗೆ ಬಂದು, “ನೂರಾ ಹನ್ನೆರಡನೇ ಫೈಲಿನವರು!” ಎಂದು ಕೂಗಿದ. ಹನ್ನೊಂದು ಜನ ಎದ್ದು ನಿಂತು ಒಟ್ಟಿಗೆ ಬಾಯಿ ತೆರೆದರು. ಸಂತೆಯ ಮೇಲೆ ಮಾಡು ಕುಸಿದ ಹಾಗಾಯಿತು. ಗುಮಾಸ್ತ ಕಿವಿ ಮುಚ್ಚಿಕೊಂಡು ಒಳಗೆ ಹೋದ. ಎರಡನೆಯ ಸಲ ಕೂಗಿದಾಗಲೂ ಅದೇ ಗದ್ದಲ. ಮೂರನೆಯ ಸಲ ಅವರಲ್ಲಿದ್ದ ಒಬ್ಬ ಮುದುಕಿ ಉಳಿದವರನ್ನೆಲ್ಲ ಗದರಿ ಕೂರಿಸಿ, ತಾನೊಬ್ಬಳೇ ಕೈ ಎತ್ತಿದಳು: “ಹನ್ನೊಂದೂ ಜನ ಇದ್ದೀವಿ ಕಣಪ್ಪ, ಬರ್ಕೋ.” ಗುಮಾಸ್ತ ಬರೆದುಕೊಂಡ. ಮುಗಿಯಿತು.

ಸಾಧಾರಣಪ್ಪನ ತಲೆಯೊಳಗೆ, ಹದಿನೆಂಟು ವರ್ಷ ನೀರು ಬಾರದ ನಲ್ಲಿ ಕೆಮ್ಮಿದಂತೆ ಏನೋ ಸದ್ದಾಯಿತು.

ಸಾವಿರ ಮೀಟರೂ ಯಾಕೆ ಉತ್ತರಿಸಬೇಕು? ಅಕ್ಕಪಕ್ಕದ ಮನೆಯ ಮೀಟರುಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು, ಒಂದೇ ಒಂದು ಮುದುಕಿ ಮೀಟರು ಎಲ್ಲರ ಪರವಾಗಿ ಟವರಿಗೆ ಹೇಳಿದರೆ ಸಾಲದೇ?

ಜೀವನದಲ್ಲಿ ಮೊದಲ ಸಲ ಒಂದು ವಿಚಾರ ಅವನನ್ನು ಹುಡುಕಿಕೊಂಡು ಬಂದಿತ್ತು, ಅದೂ ಮೂರಕ್ಕೆ ಹತ್ತು ನಿಮಿಷ ಇದ್ದಾಗ.

ಲಾಯರಮ್ಮ ಹತ್ತಿರ ಬಂದು ಮುಖ ನೋಡಿದರು. “ಯಾಕೆ ಹೀಗಿದ್ದೀರಿ? ಏನಾದ್ರೂ ಹೊಳೀತಾ?”

“ಇಲ್ಲ ಮೇಡಂ. ಹೊಟ್ಟೆನೋವು.”

“ಸದ್ಯ!”

ಒಳಗೆ ಪರೀಕ್ಷಕರು ಸಾವಧಾನದ ಮನುಷ್ಯರು. ಹದಿನೆಂಟು ಫಾರಂಗಳನ್ನೂ ಓದಿ, ಕನ್ನಡಕ ತೆಗೆದು ಸಾಧಾರಣಪ್ಪನನ್ನು ಗೌರವದಿಂದ ನೋಡಿದರು. “ಹೇಳಿ. ಸಾವಿರ ಮೀಟರುಗಳನ್ನ ಕರೀಬೇಕು. ಒಟ್ಟಿಗೆ ಕರೆದ್ರೆ ಒಟ್ಟಿಗೆ ಮಾತಾಡ್ತಾವೆ. ನೀವಾದ್ರೆ ಏನು ಮಾಡ್ತೀರಿ?”

ವಿಚಾರ ಅವನ ಬಾಯಲ್ಲಿ ಬಿಸಿ ತುತ್ತಿನ ಹಾಗೆ ಕೂತಿತ್ತು. ಉಗುಳುವ ಹಾಗಿಲ್ಲ, ನುಂಗಿದರೆ ಸುಡುತ್ತದೆ. ಎದುರು ಪಾರ್ಟಿಯ ವಕೀಲ ಬೆಕ್ಕಿನಂತೆ ಮುಂದಕ್ಕೆ ಬಾಗಿದ. ಸಾಧಾರಣಪ್ಪನಿಗೆ ಡ್ರಾಯರಿನ ಪತ್ರ ಕಂಡಿತು. ‘ಇನ್ನೂ ಅಲ್ಲೇ ಇದ್ದೀರಾ ಭಾವ?’ ಕೇಳಿಸಿತು. ಅವನು ನುಂಗಿದ.

“ಒಂದೊಂದಾಗಿ ಕರೀತೀನಿ ಸಾರ್.”

“ಸಾವಿರ ಇದ್ರೂ?”

“ಸಾವಿರ ಸಲ ಕರೀತೀನಿ.”

“ಲಕ್ಷ ಇದ್ರೆ?”

“ಬೆಳಿಗ್ಗೆ ಬೇಗ ಶುರು ಮಾಡ್ತೀನಿ.”

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಎದುರು ಪಾರ್ಟಿಯ ವಕೀಲ ತಲೆ ಮೇಲೆ ಕೈ ಹೊತ್ತು ಕೂತ. ‘ನನಗೆ ಬೇರೆ ಯಾವ ದಾರಿಯೂ ಹೊಳೆದಿಲ್ಲ’ ಎಂಬ ಹಾಳೆಗೆ ಸಾಧಾರಣಪ್ಪ ಮೂರೂವರೆಗೆ ಸಹಿ ಹಾಕಿದ. ನಾಲ್ಕಕ್ಕೆ ತಕರಾರು ವಜಾ ಆಯಿತು, ಪೇಟೆಂಟ್ ಸಿಕ್ಕಿತು.

ಆಫೀಸಿಗೆ ಮರಳಿದಾಗ ಮೂರು ಮಹಡಿಯೂ ಚಪ್ಪಾಳೆ ತಟ್ಟಿತು. ಮ್ಯಾನೇಜರು ಅವನನ್ನು ಕೂರಿಸಿ, ಕೊನೆಗೂ ಕಾಫಿ ತರಿಸಿ, ಕಂಪನಿಯ ಉಪಾಯವನ್ನು ಹೆಮ್ಮೆಯಿಂದ ಹೇಳಿದರು: ಪ್ರತಿ ಮೀಟರೂ ತನ್ನ ನಂಬರಿನ ಕೊನೆಯ ಅಂಕಿಗಳನ್ನು ನೋಡಿಕೊಂಡು, ಅದರಂತೆ ಸ್ವಲ್ಪ ಹೊತ್ತು ಕಾದು, ಸರದಿಯಲ್ಲಿ ಉತ್ತರಿಸುತ್ತದೆ.

“ಅಷ್ಟೇನಾ?” ಅಂದ ಸಾಧಾರಣಪ್ಪ. ತನ್ನದೇ ವಾಸಿ ಅನ್ನಿಸಿತು. ಆದರೂ ಸುಮ್ಮನಿದ್ದು ಡ್ರಾಯರಿನ ಕಡೆ ನೋಡಿದ. “ಸಾರ್, ಆ ಪತ್ರ...”

ಮ್ಯಾನೇಜರು ಲಾಯರಮ್ಮನ ಮುಖ ನೋಡಿದರು.

“ಸ್ವಲ್ಪ ತೊಂದರೆ ಇದೆ,” ಅಂದರು ಲಾಯರಮ್ಮ. “ಈಗ ನಿಮ್ಮನ್ನ ಹಿರಿಯ ಅಂತ ಮಾಡಿದ್ರೆ, ಎದುರು ಪಾರ್ಟಿ ನಾಳೆನೇ ಮೇಲ್ಮನವಿ ಹಾಕ್ತಾರೆ. ಸಾಕ್ಷಿ ಸಾಧಾರಣ ಮನುಷ್ಯನೇ ಅಲ್ಲ, ಪೇಟೆಂಟ್ ರದ್ದು ಮಾಡಿ ಅಂತ. ಪೇಟೆಂಟ್ ಇರೋವರೆಗೂ ನೀವು ಸಾಧಾರಣವಾಗೇ ಇರಬೇಕು.”

“ಎಷ್ಟು ದಿನ ಇರುತ್ತೆ?”

“ಇಪ್ಪತ್ತು ವರ್ಷ.”

ನುಂಗಿದ ತುತ್ತು ತಾನಾಗಿ ಮೇಲೆ ಬಂತು. “ಹಾಗಾದ್ರೆ ಕೇಳಿ! ನನಗೂ ಒಂದು ಹೊಳೆದಿದೆ. ನಿಮ್ಮದಕ್ಕಿಂತ ಚೆನ್ನಾಗಿದೆ!” ಎಂದು ಮುದುಕಿ ಮೀಟರಿನ ವಿಚಾರವನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

ಮ್ಯಾನೇಜರು ತಾವೇ ಎದ್ದು ಬಾಗಿಲು ಹಾಕಿದರು. ಆಮೇಲೆ ಕಿಟಕಿಯನ್ನೂ ಹಾಕಿದರು.

“ಯಾವಾಗ ಹೊಳೀತು?” ಲಾಯರಮ್ಮನ ದನಿ ಪಿಸುಮಾತಾಗಿತ್ತು.

“ಮೂರಕ್ಕೆ ಹತ್ತು ನಿಮಿಷ ಇದ್ದಾಗ.”

“ಸಹಿ ಹಾಕಿದ್ದು ಮೂರೂವರೆಗೆ. ಅಂದ್ರೆ ಸುಳ್ಳು ಸಾಕ್ಷಿ. ಕೇಳಿ ಇಲ್ಲಿ, ಅದು ನಿಮಗೆ ಹೊಳೆದೇ ಇಲ್ಲ. ಇಪ್ಪತ್ತು ವರ್ಷ ಯಾರ ಹತ್ರನೂ ಬಾಯಿ ಬಿಡಬೇಡಿ.”

ಸಾಧಾರಣಪ್ಪ ಕಾಫಿ ಲೋಟವನ್ನೇ ನೋಡುತ್ತ ಕೂತ. ನಿಧಾನಕ್ಕೆ ಅವನ ಮುಖ ಅರಳಿತು. ಒಂದೇ ದಿನ ಎರಡನೆಯ ಸಲ ಅವನಿಗೆ ಏನೋ ಹೊಳೆದಿತ್ತು.

“ಸಾರ್, ನಾನು ಇನ್ನು ಹದಿನಾಲ್ಕು ವರ್ಷಕ್ಕೆ ರಿಟೈರ್ ಆಗ್ತೀನಿ. ಆಮೇಲೆ ನಾನು ಕಂಪನಿಯವನೇ ಅಲ್ಲ. ಆವಾಗ ಹೇಳಬಹುದಲ್ವಾ?”

ಲಾಯರಮ್ಮ ಬೆರಳು ಮಡಿಸುತ್ತಾ ಇಪ್ಪತ್ತರಲ್ಲಿ ಹದಿನಾಲ್ಕು ಕಳೆದರು.

“ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ ನೋಡಿ,” ಎಂದರು ಮ್ಯಾನೇಜರು ನಿಜವಾದ ಮೆಚ್ಚುಗೆಯಿಂದ. ಕೂಡಲೇ ಹೊಸ ಹಾಳೆ ಎಳೆದುಕೊಂಡು, ಅವನ ಸೇವೆಯನ್ನು ಅದೇ ಹುದ್ದೆಯಲ್ಲಿ ಇನ್ನೂ ಆರು ವರ್ಷ ಮುಂದುವರಿಸಿದ್ದಾಗಿ ಬರೆದು, ಒಂದು ಕ್ಷಣವೂ ತಡಮಾಡದೆ ಸಹಿ ಹಾಕಿದರು.